ಕಾಯ್ದಿರಿಸಿದ ಮಂಟಪ

ಜಾಗ ಹಿಡಿಯುವ ವಿದ್ಯೆಯಲ್ಲಿ ನಮ್ಮ ಸೊಲ್ಲಾಪುರ ಸೀಮೆಯ ಜನರನ್ನು ಮೀರಿಸುವವರು ವಿರಳವೆಂದೇ ನನ್ನ ಭಾವನೆ. ಅಕ್ಕಲಕೋಟದ ನಿಲ್ದಾಣಕ್ಕೆ ಎಸ್.ಟಿ. ಬಸ್ಸು ಬಂದು ಇನ್ನೂ ಸರಿಯಾಗಿ ನಿಂತಿರುವುದಿಲ್ಲ. ಆಗಲೇ ಕಿಟಕಿಯೊಳಗಿಂದ ಟವೆಲೊಂದು ಹಾರಿ ಆಸನದ ಮೇಲೆ ಬಿದ್ದಿರುತ್ತದೆ. ಸೊಲ್ಲಾಪುರದ ಚಾದರಕ್ಕೂ ಟವೆಲಿಗೂ ಭೌಗೋಳಿಕ ಗುರುತಿನ ಸರಕಾರಿ ಮಾನ್ಯತೆ ದೊರೆತಿರುವುದು ಸರಿಯಷ್ಟೆ. ಆದರೆ ಅದನ್ನು ಕೊಟ್ಟವರಿಗೆ ಟವೆಲಿನ ಈ ಎರಡನೆಯ ಉಪಯೋಗ ತಿಳಿದಿತ್ತೋ ಇಲ್ಲವೋ ಹೇಳಲಾರೆ.

ಇನ್ನು ನಮ್ಮ ಹೆಣ್ಣುಮಕ್ಕಳ ಕ್ರಮವೇ ಬೇರೆ. ಬೇಸಗೆ ಬಂದಿತೆಂದರೆ ನಳದ ಮುಂದೆ ಖಾಲಿ ಕೊಡಗಳ ಸಾಲು ಬೆಳಗಿನಿಂದಲೇ ನಿಂತಿರುತ್ತದೆ. ಕೊಡದ ಒಡತಿ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಾಳೆ. ಕೊಡವು ಅವಳ ಪರವಾಗಿ ಪಾಳಿ ಕಾಯುತ್ತಿರುತ್ತದೆ. ಯಾವ ತಗ್ಗು ಬಿದ್ದ ಕೊಡ ಯಾರದೆಂಬುದು ಊರಿಗೆಲ್ಲ ಗೊತ್ತು. ಅದನ್ನು ಹಿಂದೆ ಸರಿಸುವ ಧೈರ್ಯ ಸರಪಂಚರಿಗೂ ಇಲ್ಲ. ಈ ಟವೆಲಿಗೂ ಕೊಡಕ್ಕೂ ಪಾವತಿಯಿಲ್ಲ, ಶಿಕ್ಕೆಯಿಲ್ಲ, ತಾರೀಖಿಲ್ಲ. ಆದರೂ ವ್ಯವಹಾರ ನಡೆದುಕೊಂಡು ಬಂದಿದೆ.

ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದ ನಾನು ಪಾವತಿ, ಶಿಕ್ಕೆ, ತಾರೀಖು ಎಲ್ಲವನ್ನೂ ಇಟ್ಟುಕೊಂಡು ಜೀವನದಲ್ಲಿ ಮೊದಲ ಸಲ ಒಂದು ಜಾಗವನ್ನು ಕಾಯ್ದಿರಿಸಿದ್ದು ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ. ಅದನ್ನು ಹೇಗೆ ಕಳೆದುಕೊಂಡೆನೆಂಬುದೇ ಇಲ್ಲಿ ಹೇಳಹೊರಟ ಸಂಗತಿ.

ನಾನು ಅಕ್ಕಲಕೋಟ ತಾಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಮುಖ್ಯಾಧ್ಯಾಪಕ. ನಮ್ಮ ತಾಲೂಕೇ ಒಂದು ರೀತಿಯಲ್ಲಿ ಕಾಯ್ದಿರಿಸಿದ ಜಾಗವೆನ್ನಬೇಕು. 1967ರ ಮಹಾಜನ ವರದಿ ಇದನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲಿ ಉಳಿಯಿತು, ನಾವು ಇದ್ದಲ್ಲಿಯೇ ಉಳಿದೆವು. ಆ ಹಳೆಯ ಕಥೆಯನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮಾತನ್ನು ಮಾತ್ರ ನ್ಯಾಯವಾಗಿ ಹೇಳಲೇಬೇಕು: ನಮ್ಮ ಮಕ್ಕಳ ಕೈಗೆ ಕನ್ನಡ ಪಠ್ಯಪುಸ್ತಕಗಳನ್ನು ಮುದ್ರಿಸಿ ಕೊಡುತ್ತ ಬಂದಿರುವುದು ಪುಣೆಯ ಬಾಲಭಾರತಿ. ಪುಸ್ತಕದ ಕೊರತೆಯಿಂದ ನಮ್ಮ ಶಾಲೆ ಸೊರಗಿದ್ದಲ್ಲ. ಅದು ಸೊರಗಿದ್ದು ಮಕ್ಕಳ ಕೊರತೆಯಿಂದ.

2023ರ ಆರಂಭದಲ್ಲಿ ನಮ್ಮ ಹಾಜರಿ ಪುಸ್ತಕದಲ್ಲಿ ಮೂವತ್ತನಾಲ್ಕು ಹೆಸರುಗಳಿದ್ದವು. ಅವರಲ್ಲಿ ಏಳು ಮಕ್ಕಳ ತಂದೆತಾಯಿಗಳು, ಬರುವ ಜೂನಿನಲ್ಲಿ ಶಾಲೆ ಬಿಟ್ಟ ದಾಖಲೆ ಬೇಕೆಂದು ಆಗಲೇ ಮಾತು ಹಾಕಿದ್ದರು. ಹಳದಿ ಬಣ್ಣದ ಬಸ್ಸೊಂದು ಊರ ಅಗಸೆಯವರೆಗೆ ಬರತೊಡಗಿತ್ತು. ಟೈ ಕಟ್ಟಿದ ಮಕ್ಕಳು ಅದನ್ನು ಹತ್ತಿ ಹೋಗುವುದನ್ನು ನಮ್ಮ ಮಕ್ಕಳು ಕಂಪೌಂಡಿನ ಮೇಲೆ ಕುಳಿತು ನೋಡುತ್ತಿದ್ದರು. ನಾನೂ ಆಫೀಸಿನ ಕಿಟಕಿಯಿಂದ ನೋಡುತ್ತಿದ್ದೆ.

ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಶಾಲೆಯಲ್ಲಿ ಓದಿ ಮುಂದೆ ಬಂದವರು ಸೊಲ್ಲಾಪುರ, ಪುಣೆ, ಕಲಬುರಗಿಗಳಲ್ಲಿ ಇದ್ದಾರೆ. ದಾದಿ, ಸಿಪಾಯಿ, ಬ್ಯಾಂಕಿನ ಕಾರಕೂನ, ಸ್ವಂತ ಗ್ಯಾರೇಜು ಇಟ್ಟವನು, ಇಬ್ಬರು ಮೇಷ್ಟ್ರು. ಇವರನ್ನೂ ಈಗಿನ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ಒಂದು ದಿನ ಒಂದೇ ನೆರಳಿನಲ್ಲಿ ಕೂಡಿಸಿ ಊಟ ಹಾಕಿದರೆ ಹೇಗೆ? ಕೊನೆಯಲ್ಲಿ ಮಾತೃಭಾಷೆಯ ಶಿಕ್ಷಣದ ಮೇಲೆ ನಾನು ಅರ್ಧ ಗಂಟೆ ಮಾತನಾಡುವುದು. ಭಾಷಣವನ್ನು ನಾಲ್ಕು ಪುಟ ಬರೆದು ಸಿದ್ಧಪಡಿಸಿದೆ. ಡಿ.ಎಡ್. ತರಬೇತಿಯಲ್ಲಿ ಕಲಿತ ‘ತಿಳಿದುದರಿಂದ ತಿಳಿಯದುದರ ಕಡೆಗೆ’ ಎಂಬ ಸೂತ್ರದಿಂದಲೇ ಅದು ಆರಂಭವಾಗುತ್ತಿತ್ತು.

ಸ್ಥಳವೂ ಹೊಳೆಯಿತು. ನಮ್ಮೂರಿನಿಂದ ಹದಿನಾಲ್ಕು ಕಿಲೋಮೀಟರು ದೂರದಲ್ಲಿ ಒಂದು ಕೆರೆಯಿದೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಏಕೆಂದರೆ ಅಲ್ಲಿನ ಕಾವಲುಗಾರ ನಮಗಾಗಿ ಒಂದು ನಿಯಮವನ್ನು ಮೀರಿದ, ಅವನ ಹೊಟ್ಟೆಯ ಮೇಲೆ ನನ್ನ ಲೇಖನಿ ಬೀಳಬಾರದು. ಕೆರೆಯ ದಂಡೆಯಲ್ಲಿ ನಾಲ್ಕಾರು ಬೇವಿನ ಮರ, ಒಂದು ನೀರಿನ ಟಾಕಿ, ಕಲ್ಲುಕಂಬದ ಮೇಲೆ ತಗಡು ಹೊದಿಸಿದ ಒಂದು ದೊಡ್ಡ ಮಂಟಪ ಇವೆ. ಮುಂಚಿತವಾಗಿ ಹಣ ಕಟ್ಟಿದವರಿಗೆ ಆ ಮಂಟಪ ಬೆಳಗಿನ ಒಂಬತ್ತರಿಂದ ಸಂಜೆಯ ಐದರವರೆಗೆ ಅವರದೇ.

ಹಣ ಕಟ್ಟಲು ನಾನು ಕಚೇರಿಗೆ ಹೋದೆ. ಕಾರಕೂನರು ಒಂದು ಮುದ್ರಿತ ಅರ್ಜಿಯನ್ನು ಮುಂದಿಟ್ಟರು. ಎಷ್ಟು ಜನ? ಅರವತ್ತು. ಅರವತ್ತಕ್ಕಿಂತ ಹೆಚ್ಚು ಕೂಡಿಸುವಂತಿಲ್ಲ. ನೆಲದ ಮೇಲೆ ಒಲೆ ಹೂಡುವಂತಿಲ್ಲ. ಅಡಿಗೆ ಮಾಡಿಕೊಂಡೇ ಬರಬೇಕು. ಮಕ್ಕಳನ್ನು ನೀರಿಗೆ ಇಳಿಸುವಂತಿಲ್ಲ. ಬಾಡಿಗೆ ಆರುನೂರು ರೂಪಾಯಿ, ಅನಾಮತ್ತು ಐನೂರು. ಸಂಜೆ ಕಸ ಗುಡಿಸಿ ಕೊಟ್ಟರೆ ಕಾವಲುಗಾರನು ‘ಸ್ವಚ್ಛ’ ಎಂದು ಚೀಟಿ ಬರೆಯುತ್ತಾನೆ. ಚೀಟಿ ತೋರಿಸಿದರೆ ಅನಾಮತ್ತು ಹಿಂದಕ್ಕೆ ಬರುತ್ತದೆ. ಎಲ್ಲದರ ಕೆಳಗೆ ‘ಜವಾಬ್ದಾರ ವ್ಯಕ್ತಿಯ ಹೆಸರು’ ಎಂದು ಒಂದು ಅಂಕಣವಿತ್ತು. ಅದನ್ನು ಕಂಡು ನನಗೆ ಕೊಂಚ ಹೆಮ್ಮೆಯೇ ಆಯಿತೆನ್ನಬೇಕು. ದಪ್ಪ ಅಕ್ಷರಗಳಲ್ಲಿ ನನ್ನ ಹೆಸರು ಬರೆದು ಸಹಿ ಮಾಡಿದೆ.

“ತಾರೀಖು, ಗುರುಜಿ?” ಎಂದು ಕಾರಕೂನರು ಕೇಳಿದರು.

“ಫೆಬ್ರವರಿ 13,” ಎಂದೆ.

ಮನೆಯಿಂದಲೇ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಗಡ್ಡದ ಜಾತ್ರೆ. ಅದರ ಗದ್ದಲ ಇಳಿದು, ಸುಗ್ಗಿ ಜೋರಾಗುವ ಮೊದಲಿನ ರವಿವಾರ ಅದು. ಅವರು ಪಾವತಿ ಹರಿದು ಕೊಟ್ಟರು. ನಾನು ಅದನ್ನು ನಾಲ್ಕು ಮಡಿಕೆ ಮಾಡಿ, ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ಬಂದೆ.

ರವಿವಾರ ಬೆಳಗ್ಗೆ ಎರಡು ಟೆಂಪೋಗಳಲ್ಲಿ ನಾವೆಲ್ಲ ಹೊರಟೆವು. ತಾಯಂದಿರು ರಾತ್ರಿಯೆಲ್ಲ ಎದ್ದು ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಮೊಸರು ಕಟ್ಟಿಕೊಂಡಿದ್ದರು. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಿಂದ ನೇರವಾಗಿ ಕೆರೆಗೆ ಬಂದಿದ್ದರು. ಇಳಿದು ನೋಡಿದರೆ ಮಂಟಪದ ತುಂಬ ಜನ! ಕಂಬಗಳಿಗೆ ಮಾವಿನ ತೋರಣ ಕಟ್ಟಿದ್ದಾರೆ. ನಡುವೆ ಒಂದು ಕೂಸಿನ ತಲೆಗೆ ಹೊಸ ಟೋಪಿ ತೊಡಿಸಿ ಆರತಿ ಎತ್ತುತ್ತಿದ್ದಾರೆ. ಸೊಲ್ಲಾಪುರದ ಒಂದು ನೇಕಾರ ಕುಟುಂಬ. ತೆಲಂಗಾಣದ ಕಡೆಯಿಂದ ತಲೆಮಾರುಗಳ ಹಿಂದೆ ಬಂದು ಮಗ್ಗ ಹೂಡಿದ ತೆಲುಗು ಜನ. ಮೊಮ್ಮಗನ ಜವಳ ತೆಗೆಸಿ ಊಟಕ್ಕೆಂದು ಬಂದಿದ್ದರು.

ನಾನು ಗತ್ತಿನಿಂದ ಕನ್ನಡಕದ ಡಬ್ಬಿ ತೆರೆದು ಪಾವತಿಯನ್ನು ಹೊರತೆಗೆದೆ. ಕಾವಲುಗಾರ ಅದನ್ನು ಎರಡು ಸಲ ಓದಿದ. ಆಮೇಲೆ ತಗ್ಗಿದ ದನಿಯಲ್ಲಿ, “ಸರ, ಇದು ನಾಳಿಂದು ಐತ್ರಿ. ಇವತ್ತು 12,” ಎಂದ.

ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ನನ್ನ ಆಫೀಸಿನ ಗೋಡೆ. ಅಲ್ಲಿ ಪತಸಂಸ್ಥೆಯವರು ಕೊಟ್ಟ ಒಂದು ಕ್ಯಾಲೆಂಡರು ತೂಗುತ್ತಿತ್ತು. ಕೆರೆಯ ನಡುವಿನ ಸಿದ್ಧೇಶ್ವರ ಗುಡಿಯ ಸುಂದರವಾದ ಚಿತ್ರ ಅದರಲ್ಲಿದ್ದುದರಿಂದ ವರುಷ ಮುಗಿದರೂ ಅದನ್ನು ತೆಗೆದಿರಲಿಲ್ಲ. 2022ರಲ್ಲಿ ಫೆಬ್ರವರಿ 13 ರವಿವಾರ. 2023ರಲ್ಲಿ ಅದು ಸೋಮವಾರ. ತಾರೀಖು ಬರೆಯದ ಹುಡುಗನ ವಹಿಯನ್ನು ತಿದ್ದದೆ ಹಿಂದಕ್ಕೆ ಕೊಡುತ್ತಿದ್ದ ಮೇಷ್ಟ್ರು ನಾನು! ಹಳೆಯ ವಿದ್ಯಾರ್ಥಿಗಳು ನೆಲ ನೋಡುತ್ತ ನಿಂತರು. ನಕ್ಕವನು ಗ್ಯಾರೇಜಿನವನೊಬ್ಬನೇ, ಶಾಲೆಯಲ್ಲಿದ್ದಾಗ ಹೆಚ್ಚು ಪೆಟ್ಟು ತಿಂದವನೂ ಅವನೇ, ಹೀಗಾಗಿ ಅವನ ನಗು ನ್ಯಾಯವಾದದ್ದೇ.

ಬಿಸಿಲು ಏರುತ್ತಿತ್ತು. ಮಕ್ಕಳು ತಲೆಯ ಮೇಲೆ ಬುತ್ತಿಗಂಟು ಇಟ್ಟುಕೊಂಡು ಸಾಲಾಗಿ ನಿಂತಿದ್ದರು. ಹಿಂದಕ್ಕೆ ಹೋಗೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಆ ಮನೆಯ ಹಿರಿಯಾಕೆ ಎದ್ದು ಬಂದರು. ಸೊಲ್ಲಾಪುರದ ಜನಕ್ಕೆ ಮೂರು ನಾಲ್ಕು ಭಾಷೆಗಳು ನೀರು ಕುಡಿದಷ್ಟು ಸುಲಭ.

“ಯಾಕ ಮಾಸ್ತರ, ಹುಡುಗರನ್ನ ಬಿಸಿಲಾಗ ನಿಲ್ಲಿಸೀರಿ? ಒಳಗ ಬರಹೇಳ್ರಿ.”

“ತಪ್ಪು ನನ್ನದ ಅದರಿ, ಅವ್ವಾರ. ಇವತ್ತು ಜಾಗ ನಿಮ್ಮದು.”

“ಜಾಗ ನಮ್ಮದ ಅದ, ಅದಕ್ಕ ಬರ್ರಿ ಅಂತೀನಿ. ನಂದಲ್ಲದಿದ್ರ ಹ್ಯಾಂಗ ಕರೀತಿದ್ನಿ?”

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಅವರು ಇಪ್ಪತ್ತೈದು ಜನ. ನಮ್ಮ ಮಕ್ಕಳು ಮೂವತ್ತನಾಲ್ಕು. ಕಾವಲುಗಾರ ತಲೆಗಳನ್ನು ಎಣಿಸಿ, ಒಂದು ಪಾವತಿಯ ಮೇಲೆ ಎರಡು ಗುಂಪು ಕೂಡುವಂತಿಲ್ಲವೆಂದು ಒಮ್ಮೆ ಹೇಳಿ, ಆಮೇಲೆ ಟಾಕಿಯ ನಳ ತಿದ್ದುವ ನೆವದಿಂದ ಆಚೆ ಹೋದ. ಮಕ್ಕಳು ಮಂಟಪದಲ್ಲಿ ಕುಳಿತರು. ದೊಡ್ಡವರು ನಾವು ಬೇವಿನ ಮರದ ಬುಡಕ್ಕೆ ಹೋದೆವು. ಅವರ ಮನೆಯ ಸಿಹಿ ನಮ್ಮ ಮಕ್ಕಳ ಎಲೆಗೆ ಬಂದಿತು, ನಮ್ಮ ಶೇಂಗಾ ಹೋಳಿಗೆ ಅವರ ಎಲೆಗೆ ಹೋಯಿತು.

ಊಟಕ್ಕೆ ಮೊದಲು ಮಕ್ಕಳನ್ನು ದಂಡೆಯ ಮೇಲೆ ನಿಲ್ಲಿಸಿ ಕೆರೆ ತೋರಿಸಿದೆ. ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಸಿದ್ಧರಾಮನು ಜನರನ್ನು ಕೂಡಿಸಿಕೊಂಡು ಕೆರೆ ತೋಡಿಸಿದ. ಕೆರೆ ತೋಡುವುದನ್ನೇ ಪೂಜೆಯೆಂದು ನಂಬಿದ್ದ ಆತ ಮುಂದೆ ಕಲ್ಯಾಣಕ್ಕೆ ಹೋಗಿ ಬಸವಣ್ಣ, ಅಲ್ಲಮರ ಸಂಗಡ ಕೂಡಿ ಕನ್ನಡದಲ್ಲಿ ವಚನಗಳನ್ನು ಹೇಳಿದ. ಅವನ ಚರಿತ್ರೆಯನ್ನು ರಾಘವಾಂಕ ಕಾವ್ಯ ಮಾಡಿದ ಎಂದೆಲ್ಲ ಹೇಳಿದೆ. ಸೊಲ್ಲಾಪುರದ ಬಳಿಯ ಏಕರೂಖ ಕೆರೆಯನ್ನು ಇಂಗ್ಲಿಷರ ಆಡಳಿತ 1871ರಲ್ಲಿ ಮುಗಿಸಿತೆಂಬುದನ್ನೂ ಸೇರಿಸಿದೆ. ಎರಡನೆಯ ಇಯತ್ತೆಯ ಹುಡುಗನೊಬ್ಬ ಕೈ ಎತ್ತಿದ. ಅಷ್ಟು ನೀರನ್ನು ಒಂದೇ ಕಡೆ ಅವನು ಕಂಡದ್ದು ಅಂದೇ ಮೊದಲು.

“ಸರ, ಇಷ್ಟು ನೀರಿಗೆ ಪಾಳಿ ಯಾರದ್ರಿ?”

ಅವನ ತಾಯಿಯ ಕೊಡ ನಮ್ಮ ನಳದ ಸಾಲಿನಲ್ಲಿ ಯಾವಾಗಲೂ ಹಿಂದೆ ಇರುವುದನ್ನು ನಾನು ಕಂಡಿದ್ದೆ. “ಯಾರು ತೋಡ್ತಾರೋ, ಯಾರು ಹೊಲಸು ಮಾಡೋದಿಲ್ಲೋ ಅವರ ಪಾಳಿ,” ಎಂದು ಏನೋ ಒಂದು ಹೇಳಿ ಪಾರಾದೆ.

ಊಟವಾದ ಮೇಲೆ ಭಾಷಣದ ಹೊತ್ತು ಬಂದಿತು. ಬೇವಿನ ನೆರಳಿನಲ್ಲಿ ಎಲ್ಲರೂ ಕುಳಿತಿದ್ದರು. ನಾಲ್ಕು ಪುಟಗಳನ್ನು ಕಿಸೆಯಿಂದ ತೆಗೆದೆ. ಆರಂಭಿಸುವ ಮೊದಲೇ, ದಾಖಲೆ ಕೇಳಿದ ಏಳು ಜನರಲ್ಲಿ ಒಬ್ಬ ತಂದೆ ವಿನಯದಿಂದಲೇ ಕೇಳಿದ: “ಸರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮಗ ಎಲ್ಲಿ ಕಲ್ತಾನ್ರಿ?”

ಗಾಳಿಗೆ ಬೇವಿನೆಲೆ ಅಲುಗುವುದು ಕೇಳುವಷ್ಟು ಸುಮ್ಮನಾಯಿತು. ಈ ಪ್ರಶ್ನೆಯನ್ನು ಯಾರಾದರೂ ಒಂದು ದಿನ ಕೇಳಿಯಾರೆಂದು ನಾನು ಹನ್ನೆರಡು ವರುಷಗಳಿಂದ ಹೆದರಿಕೊಂಡೇ ಇದ್ದೆ. ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ: ಹೆಂಡತಿಯ ಹಟ, ಅಜ್ಜನ ಮನೆಯ ಅನುಕೂಲ, ಹೀಗೆ ಏನೇನೋ. ಆದರೆ ಬೆಳಗ್ಗೆಯಷ್ಟೇ ಅಷ್ಟು ಜನರೆದುರಿಗೆ ತಪ್ಪು ತಾರೀಖಿನ ಪಾವತಿ ಹಿಡಿದು ನಿಂತವನಿಗೆ ಮತ್ತೊಂದು ಸುಳ್ಳಿನ ಮರೆ ಹಿಡಿಯುವ ಉಮೇದು ಉಳಿದಿರಲಿಲ್ಲ.

“ನಾಲ್ಕನೆಯ ಇಯತ್ತೆಯವರೆಗೆ ಇದೇ ಶಾಲೆಯಲ್ಲಿ, ನನ್ನ ಕೈಯಲ್ಲೇ ಕಲಿತ,” ಎಂದೆ. “ಐದನೆಯದಕ್ಕೆ ಸೊಲ್ಲಾಪುರದ ಇಂಗ್ಲಿಷ್ ಶಾಲೆಗೆ ಹಾಕಿದೆ. ಹೆಂಡತಿ ಹಾಕೆನ್ನಲಿಲ್ಲ, ನಾನೇ ಹಾಕಿದೆ. ಈಗ ನೀವು ಹೇಗೆ ಹೆದರಿದ್ದೀರೋ ಆಗ ನಾನೂ ಹಾಗೆಯೇ ಹೆದರಿದ್ದೆ. ಅವನೀಗ ಪುಣೆಯಲ್ಲಿ ಓದುತ್ತಿದ್ದಾನೆ. ತಾಯಿಗೆ ಮೊಬೈಲಿನಲ್ಲಿ ಬರೆಯುವಾಗ ಕನ್ನಡದಲ್ಲಿಯೇ ಬರೆಯುತ್ತಾನೆ. ನಾಲ್ಕು ವರುಷ ಅಕ್ಷರ ತಿದ್ದಿದ್ದು ಅಷ್ಟಕ್ಕಾದರೂ ಉಳಿದಿದೆ. ಐದನೆಯದಕ್ಕೆ ತೆಗೆದದ್ದು ಸರಿಯೋ ತಪ್ಪೋ ನನಗೆ ಇನ್ನೂ ತಿಳಿದಿಲ್ಲ. ಆದರೆ ಮೊದಲ ನಾಲ್ಕು ವರುಷ ಇಲ್ಲಿಟ್ಟದ್ದು ಸರಿಯೆಂಬುದು ತಿಳಿದಿದೆ.”

ಅಷ್ಟಕ್ಕೇ ಭಾಷಣ ಮುಗಿಯಿತು. ನಾಲ್ಕು ಪುಟಗಳು ಕಿಸೆಯಲ್ಲಿಯೇ ಉಳಿದವು. ಆ ತಂದೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಎಲೆಯಡಿಕೆಯ ಚಂಚಿಯನ್ನು ನನ್ನ ಕಡೆಗೆ ಸರಿಸಿದ. ಮಂಟಪದ ಅಂಚಿಗೆ ಕುಳಿತು ಕೇಳುತ್ತಿದ್ದ ಹಿರಿಯಾಕೆ, “ನಮ್ಮ ಮನೆಯವರು ತೆಲುಗು ಶಾಲ್ಯಾಗ ಕಲ್ತಿದ್ರು. ಈ ಕೂಸು ಎಲ್ಲಿ ಕಲೀತದೋ ಯಾರಿಗೆ ಗೊತ್ತು,” ಎಂದರು. ಸಂಜೆ ಅವರ ಸೊಸೆಯಂದಿರೂ ನಮ್ಮ ತಾಯಂದಿರೂ ಕೂಡಿ ಮಂಟಪವನ್ನು ಗುಡಿಸಿ ನೀರು ಹೊಡೆದರು. ‘ಸ್ವಚ್ಛ’ ಎಂಬ ಚೀಟಿ ಅವರ ಹೆಸರಿಗೆ ಹೋಯಿತು.

ಮರುದಿನ ಸೋಮವಾರ. ಅನಾಮತ್ತಿನ ಐನೂರು ರೂಪಾಯಿ ನನ್ನ ಸ್ವಂತದ್ದಾಗಿದ್ದುದರಿಂದ, ಶಾಲೆ ಬಿಟ್ಟ ಮೇಲೆ ಮೋಟರಸೈಕಲ್ಲಿನ ಮೇಲೆ ಕೆರೆಗೆ ಹೋದೆ. ಮಂಟಪದ ಕಂಬಕ್ಕೆ ತೂಗುಹಾಕಿದ ಕರಿಹಲಗೆಯ ಮೇಲೆ ಕಾವಲುಗಾರ ಸೀಮೆಸುಣ್ಣದಿಂದ ದೇವನಾಗರಿಯಲ್ಲಿ ದೊಡ್ಡದಾಗಿ ಬರೆದಿದ್ದ: ‘ಕನ್ನಡ ಶಾಲೆ’. ಕೆಳಗೆ ‘ಜವಾಬ್ದಾರ ವ್ಯಕ್ತಿ’ ಎಂದು ನನ್ನ ಹೆಸರು. ಒಳಗೆ ಯಾರೂ ಇರಲಿಲ್ಲ. ಒಂದು ನಾಯಿ ನಡುವೆ ಮಲಗಿತ್ತು.

“ಇವತ್ತು ಎರಡು ಕಡೆಯವರು ಬಂದು ಕೇಳಿದ್ರು ಸರ,” ಎಂದ ಕಾವಲುಗಾರ. “ಕನ್ನಡ ಶಾಲಿದು ಬುಕಿಂಗ ಐತಿ ಅಂತ ಹೇಳಿ ಕಳಿಸಿದ್ನಿ.”

ಪಾವತಿಯ ಪ್ರಕಾರ ಐದು ಗಂಟೆಯವರೆಗೆ ಅದು ನನ್ನದೇ ಆಗಿತ್ತು. ಇನ್ನೂ ಕಾಲು ಗಂಟೆ ಉಳಿದಿತ್ತು. ಕಟ್ಟೆಯ ಮೇಲೆ ಕುಳಿತೆ. ಹಿಂದಿನ ದಿನ ಹಲಗೆಯ ಮೇಲೆ ನಮ್ಮ ಹೆಸರಿರಲಿಲ್ಲ. ಆದರೆ ಒಳಗೆ ನಮ್ಮ ಮೂವತ್ತನಾಲ್ಕು ಮಕ್ಕಳ ಗಲಾಟೆಯಿತ್ತು. ಈ ದಿನ ಹೆಸರು ದಪ್ಪ ಅಕ್ಷರಗಳಲ್ಲಿ ಇದೆ, ಶಿಕ್ಕೆಯೂ ಇದೆ, ಮಕ್ಕಳಿಲ್ಲ. ನಮಗೆ ಬೇಡವಾದ ಜಾಗವನ್ನು ಬೇಕಾದವರಿಗೂ ಸಿಗದಂತೆ ನಮ್ಮ ಹೆಸರು ತಡೆದಿದೆ. ವರುಷಗಟ್ಟಲೆ ನಾನು ಸಭೆಗಳಲ್ಲಿ ನಮ್ಮ ನೆಲ, ನಮ್ಮ ನುಡಿ ಎಂದು ಹಲಗೆಯ ಮೇಲೆ ಹೆಸರು ಬರೆದದ್ದು ಸಾಕಷ್ಟಿದೆ. ಆ ಹಲಗೆಯ ಹಿಂದೆ ಎಷ್ಟು ಮಕ್ಕಳು ಕುಳಿತಿದ್ದಾರೆಂಬುದನ್ನು ಎಣಿಸಿದ್ದು ಕಡಿಮೆ. ಎಣಿಸಿದ್ದರೆ ನನ್ನ ಮನೆಯಿಂದಲೇ ಆರಂಭಿಸಬೇಕಾಗುತ್ತಿತ್ತು.

ಐದು ಗಂಟೆಗೆ ಕಾವಲುಗಾರ ಹಲಗೆ ಒರಸಿ, ಬಳಸದ ಮಂಟಪಕ್ಕೆ ‘ಸ್ವಚ್ಛ’ ಎಂದು ಚೀಟಿ ಬರೆದುಕೊಟ್ಟ. ಆ ಚೀಟಿಯನ್ನು ಪಡೆಯಲು ನಾಚಿಕೆಯಾಯಿತು, ಆದರೂ ಪಡೆದೆ. ಐನೂರು ರೂಪಾಯಿ ಬಡ ಮೇಷ್ಟರಿಗೆ ಸಣ್ಣ ಮೊತ್ತವಲ್ಲ.

ಜೂನಿನಲ್ಲಿ ಶಾಲೆ ತೆರೆದಾಗ ಏಳು ಮಕ್ಕಳಲ್ಲಿ ಮೂವರು ಹಳದಿ ಬಸ್ಸು ಹತ್ತಿದರು, ನಾಲ್ವರು ಉಳಿದರು. ಪ್ರಶ್ನೆ ಕೇಳಿದ ತಂದೆಯ ಮಗಳು ಉಳಿದವರಲ್ಲಿ ಒಬ್ಬಳು. “ನಾಲ್ಕನೇತ್ತೆವರೆಗೆ ಇರಲಿ ಸರ, ಮುಂದ ನೋಡೂಣು,” ಎಂದು ಅವನು ಹೇಳಿದ. ನಾನು ಮಾಡಿದ್ದನ್ನೇ ಅವನೂ ಮಾಡುತ್ತಾನೆ. ಅದನ್ನು ಗೆಲುವೆನ್ನಬೇಕೋ ಸೋಲೆನ್ನಬೇಕೋ, ಹಾಜರಿ ಪುಸ್ತಕದಲ್ಲಿ ಅವಳ ಹೆಸರನ್ನು ಮಾತ್ರ ದಿನಾಲೂ ಕರೆಯುತ್ತಿದ್ದೇನೆ. ಹಾಜರಿಯಲ್ಲಿ ಈಗ ಇಪ್ಪತ್ತೊಂಬತ್ತು ಹೆಸರುಗಳಿವೆ. ನನ್ನ ನಿವೃತ್ತಿಗೆ ಇನ್ನು ಮೂರು ವರುಷ.

2024ರ ಜನವರಿಯಲ್ಲಿ, ಸೊಲ್ಲಾಪುರದಲ್ಲಿ ದಾದಿಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿ ಫೋನು ಮಾಡಿದಳು. ಕೆರೆಯ ಮಂಟಪವನ್ನು ಆಗಲೇ ಕಾಯ್ದಿರಿಸಿ ಬಂದಿದ್ದಳು. ಬಾಡಿಗೆಯನ್ನು ಹಳೆಯ ವಿದ್ಯಾರ್ಥಿಗಳು ಹಂಚಿಕೊಂಡಿದ್ದರು. ಆ ಹಿರಿಯಾಕೆಯ ಮನೆಯವರಿಗೂ ಬರಹೇಳಿದ್ದಾಳಂತೆ.

“ಜವಾಬ್ದಾರ ವ್ಯಕ್ತಿ ಅಂತ ಯಾರ ಹೆಸರು ಬರೆದಿ?” ಎಂದು ಕೇಳಿದೆ.

“ನನ್ನದ ಬರೆದೀನ್ರಿ ಸರ,” ಎಂದಳು. ಸ್ವಲ್ಪ ತಡೆದು, ನಗು ನುಂಗಿಕೊಂಡು, “ಕ್ಯಾಲೆಂಡರನೂ ನಾನ ನೋಡೀನ್ರಿ,” ಎಂದು ಸೇರಿಸಿದಳು.

ಅಂದೇ ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರನ್ನು ಇಳಿಸಿದೆ. ಗುಡಿಯ ಚಿತ್ರವನ್ನು ಕತ್ತರಿಸಿ ರಟ್ಟಿಗೆ ಅಂಟಿಸಿ ಅಲ್ಲಿಯೇ ತೂಗುಹಾಕಿದ್ದೇನೆ. ತಾರೀಖುಗಳ ಹಾಳೆಯನ್ನು ಮಕ್ಕಳು ಪುಸ್ತಕಕ್ಕೆ ಹೊದಿಕೆ ಹಾಕಿಕೊಂಡರು.